ಕೊಲ್ಲಲಾಗದವರು, ಕೊಲ್ಲಬಾರದವರು

ನಮ್ಮ ಕ್ರೀಡಾಪುಟಗಳಲ್ಲಿ ‘ಅಜೇಯ’ ಎಂಬ ಪದ ತುಂಬ ಅಗ್ಗವಾಗಿದೆ. ಔಟಾಗದೆ ಉಳಿದವರೆಲ್ಲ ಅಜೇಯರು. ತಂಡ ಇನಿಂಗ್ಸ್ ಸೋಲು ಕಂಡರೂ ಕೊನೆಯಲ್ಲಿ ಎರಡು ಚೆಂಡು ತಡೆದು ನಿಂತ ಹನ್ನೊಂದನೆಯ ಆಟಗಾರ ಸ್ಕೋರ್‌ಪಟ್ಟಿಯಲ್ಲಿ ‘ಅಜೇಯ 0’. ಆದರೂ ಪದಕ್ಕೆ ಒಪ್ಪುವಂಥ ಆಟವೂ ಆಗೀಗ ಬರುತ್ತದೆ. 2010ರ ಫೆಬ್ರುವರಿಯಲ್ಲಿ ನಾಗಪುರದ ಹೊರವಲಯದ ಜಾಮ್ಠಾ ಮೈದಾನದಲ್ಲಿ ಹಾಶಿಂ ಆಮ್ಲಾ ಅಜೇಯ 253 ರನ್ ಹೊಡೆದರು. ದಕ್ಷಿಣ ಆಫ್ರಿಕಾ ಆರು ವಿಕೆಟ್‌ಗೆ 558 ರನ್ ಗಳಿಸಿ ಡಿಕ್ಲೇರ್ ಮಾಡಿಕೊಂಡಿತು, ಡೇಲ್ ಸ್ಟೇಯ್ನ್ ಮೊದಲ ಇನಿಂಗ್ಸ್‌ನಲ್ಲಿ 51 ರನ್‌ಗೆ ಏಳು ವಿಕೆಟ್ ಕಿತ್ತರು, ಭಾರತ ಇನಿಂಗ್ಸ್ ಮತ್ತು 6 ರನ್‌ಗಳಿಂದ ಸೋತಿತು.

ಅದೇ ಆಮ್ಲಾ 2015ರ ನವೆಂಬರಿನಲ್ಲಿ ಅದೇ ಮೈದಾನಕ್ಕೆ ನಾಯಕರಾಗಿ ಬಂದರು. ಆ ಹೊತ್ತಿಗೆ ದಕ್ಷಿಣ ಆಫ್ರಿಕಾ ಒಂಬತ್ತು ವರ್ಷಗಳಿಂದ ಹೊರನಾಡಿನಲ್ಲಿ ಒಂದೂ ಟೆಸ್ಟ್ ಸರಣಿ ಸೋತಿರಲಿಲ್ಲ. ಪತ್ರಿಕೆಗಳು ಅದನ್ನೂ ‘ಅಜೇಯ ಓಟ’ ಎಂದೇ ಕರೆದಿದ್ದವು. ಚೆಂಡು ಮೊದಲ ದಿನದಿಂದಲೇ ಬುಗುರಿಯಂತೆ ತಿರುಗಿದ ಆ ಪಿಚ್ಚಿನಲ್ಲಿ ತಂಡ ಮೊದಲ ಸರದಿಗೆ 79ಕ್ಕೆ ಉರುಳಿತು. ಅಶ್ವಿನ್ ಎರಡು ಸರದಿಗಳಿಂದ ಹನ್ನೆರಡು ವಿಕೆಟ್ ಪಡೆದರು. ಮೂರನೆಯ ದಿನ, 124 ರನ್‌ಗಳ ಸೋಲಿನೊಂದಿಗೆ ಓಟ ನಿಂತಿತು. ಪಿಚ್ಚು ಕಳಪೆ ಎಂದು ಐಸಿಸಿ ಷರಾ ಬರೆದದ್ದು ಆಮೇಲಿನ ಮಾತು.

ನಾಗಪುರಕ್ಕೆ ಈ ಚಾಳಿ ಹಳೆಯದು. 2004ರ ಅಕ್ಟೋಬರಿನಲ್ಲಿ, ಊರೊಳಗಿನ ಸಿವಿಲ್ ಲೈನ್ಸ್ ಮೈದಾನದಲ್ಲಿ, ಆಸ್ಟ್ರೇಲಿಯಾದವರು ಮೂವತ್ತೈದು ವರ್ಷಗಳಿಂದ ತವರಿನ ಸರಣಿಗಳಲ್ಲಿ ತಮ್ಮ ಕೈಗೆ ಸಿಗದಿದ್ದ ಭಾರತವನ್ನು 342 ರನ್‌ಗಳಿಂದ ಮಣಿಸಿ ಸರಣಿ ಗೆದ್ದರು. ಗಂಗೂಲಿ ಆ ಪಂದ್ಯದಲ್ಲಿ ಆಡಲಿಲ್ಲ. ಭಾರತದ ನಾಯಕತ್ವ ಹೊತ್ತವರು ಇಡೀ ದೇಶ ‘ಗೋಡೆ’ ಎಂದು ಕರೆಯುತ್ತಿದ್ದ ನಮ್ಮ ರಾಹುಲ್ ದ್ರಾವಿಡ್. ಇದೇ ಊರಿನಲ್ಲಿ ಅವರು 2000ದಲ್ಲಿ ಜಿಂಬಾಬ್ವೆ ವಿರುದ್ಧ 162 ಹೊಡೆದಿದ್ದರು, 2010ರ ನವೆಂಬರಿನಲ್ಲಿ ನ್ಯೂಜಿಲೆಂಡ್ ವಿರುದ್ಧ 191 ಹೊಡೆಯಲಿದ್ದರು. ನಡುವಿನ ಆ ಪಂದ್ಯದಲ್ಲಿ ಗೋಡೆಯೂ ನಿಲ್ಲಲಿಲ್ಲ.

ಹಾಗಾಗಿ, ಯಾರಿಂದಲೂ ಏನೂ ಮಾಡಲಾಗದ್ದು ಎಂಬ ಅರ್ಥದ ಮಾತುಗಳನ್ನು ಒರೆಗೆ ಹಚ್ಚಿ ನೋಡಲು ನಾಗಪುರ ತಕ್ಕ ಊರು. ಕ್ರಿಕೆಟ್ಟು ನೆಪ ಮಾತ್ರ. ಈ ಮಾತುಗಳು ಆಟದ ಮೈದಾನದ ಆಚೆ ಮಾಡಿರುವ ಕೆಲಸ ದೊಡ್ಡದು, ಕೆಲವೊಮ್ಮೆ ಭಯಂಕರ.

ಕನ್ನಡಕ್ಕೆ ಈ ಅರ್ಥದ ಪದಗಳ ಕೊರತೆಯಿಲ್ಲ. ಗೆಲ್ಲಲಾಗದವನು ಅಜೇಯ. ಒಡೆದು ಒಳನುಗ್ಗಲಾಗದ ಕೋಟೆ, ವ್ಯೂಹ, ಗುಟ್ಟು ಅಭೇದ್ಯ. ಕತ್ತರಿಸಲಾಗದ್ದು ಅಚ್ಛೇದ್ಯ, ಭಗವದ್ಗೀತೆ ಆತ್ಮಕ್ಕೆ ಕೊಟ್ಟ ವಿಶೇಷಣಗಳಲ್ಲಿ ಇದೂ ಒಂದು. ಕೊಲ್ಲಲಾಗದವನು ಅವಧ್ಯ. ಮೈಯೇ ಗಟ್ಟಿಯಾದವನು ವಜ್ರಕಾಯ. ಇವೆಲ್ಲ ಬರಹದ ಮಾತುಗಳು. ಬಾಯಿಮಾತಿನಲ್ಲಿ ನಾವು ಕೂದಲಿನ ಸಹಾಯ ಪಡೆಯುತ್ತೇವೆ: ‘ಅವನ ಕೂದಲು ಕೊಂಕಿಸೋಕೂ ಆಗಲ್ಲ.’ ನಾಗಪುರದ ಬೀದಿಗಳಲ್ಲಿ ಹಿಂದಿ, ಮರಾಠಿ ಎರಡೂ ಬೆರೆತು ಓಡಾಡುತ್ತವೆ. ಆ ಎರಡು ಭಾಷೆಗಳಲ್ಲೂ ಇದೇ ಕೂದಲು, ಇದೇ ಕೊಂಕು. ಮೈಯಲ್ಲಿ ಎಲ್ಲಕ್ಕಿಂತ ಸುಲಭವಾಗಿ ಬಾಗುವುದನ್ನೇ ಬಾಗಿಸಲಾಗದು ಎಂದು ಹೇಳಿದರೆ ಉಳಿದದ್ದನ್ನು ಹೇಳುವುದೇ ಬೇಡ ಎಂಬ ಲೆಕ್ಕ ಇರಬೇಕು.

ಮೊದಲು ‘ಅಭೇದ್ಯ’ವನ್ನು ನೋಡೋಣ. ನಾಗಪುರವನ್ನಾಳಿದ ಭೋಂಸಲೆಗಳ ಕೈಯಲ್ಲಿದ್ದ ಕೋಟೆಗಳಲ್ಲಿ ಆ ಹೆಸರಿಗೆ ಹೆಚ್ಚು ತಕ್ಕದ್ದು ಗಾವಿಲಗಡ. ಇವತ್ತಿನ ಅಮರಾವತಿ ಜಿಲ್ಲೆಯ ಚಿಖಲ್‌ದರಾ ಪಕ್ಕದಲ್ಲಿ, ಸಾತ್ಪುಡಾದ ಒಂದು ಚಾಚಿನ ಮೇಲೆ ಅದು ಕೂತಿದೆ. ಸುತ್ತ ಕಡಿದಾದ ಕಣಿವೆ. ಕೋಟೆಯೊಳಗೆ ಕೋಟೆ. ಅದನ್ನು ಕಟ್ಟಿಸಿದವನೆಂದು ಚರಿತ್ರೆಕಾರ ಫೆರಿಶ್ತಾ ಹೇಳುವುದು ಅಹಮದ್ ಶಾ ಬಹಮನಿಯ ಹೆಸರನ್ನು, 1425ರ ಸುಮಾರಿಗೆ. ಕಲಬುರಗಿಯಿಂದ ಬೀದರಿಗೆ ರಾಜಧಾನಿ ಬದಲಿಸಿದ, ಅಷ್ಟೂರಿನ ಗುಮ್ಮಟದಲ್ಲಿ ಮಲಗಿರುವ, ಕೆಲವರು ವಲಿ ಎಂದೂ ಕೆಲವರು ಅಲ್ಲಮಪ್ರಭು ಎಂದೂ ಕೈಮುಗಿಯುವ ಅದೇ ಅಹಮದ್ ಶಾ.

ಇಲ್ಲೊಂದು ಸೊಗಸಾದ ಕೊಂಡಿಯಿದೆ. ಬಹಮನಿ ವಂಶದವರು ತಮ್ಮ ಮೂಲವನ್ನು ಇರಾನಿನ ಪುರಾಣದ ದೊರೆ ಬಹಮನ್‌ಗೆ ಜೋಡಿಸಿಕೊಂಡಿದ್ದರು. ಈ ಬಹಮನ್‌ನ ತಂದೆ ಇಸ್ಫಂದಿಯಾರ್. ಫಿರ್ದೌಸಿಯ ಶಾನಾಮೆಯಲ್ಲಿ ಅವನು ಕಂಚಿನ ಮೈಯವನು; ಯಾವ ಆಯುಧವೂ ಅವನಿಗೆ ನಾಟುವುದಿಲ್ಲ. ಕಡೆಗೆ ರುಸ್ತುಮ್ ಬಿಟ್ಟ ಬಾಣ ಕಣ್ಣಿಗೆ ಬಿದ್ದು ಸಾಯುತ್ತಾನೆ. ಮೈಯೆಲ್ಲ ಕಂಚು, ಕಣ್ಣು ಮಾತ್ರ ಕಣ್ಣೇ. ಇಸ್ಫಂದಿಯಾರನ ಮೊಮ್ಮಕ್ಕಳೆಂದು ಹೇಳಿಕೊಂಡವರು ಕಟ್ಟಿಸಿದ ಕೋಟೆಗೂ ಅಂಥದೊಂದು ಕಣ್ಣಿತ್ತು: ಉತ್ತರದಲ್ಲಿ, ಬೆಟ್ಟದ ಸಾಲಿಗೆ ಅಂಟಿಕೊಂಡಿದ್ದ ಇಕ್ಕಟ್ಟಿನ ನೆಲ.

1803ರ ಡಿಸೆಂಬರಿನಲ್ಲಿ ಆರ್ಥರ್ ವೆಲ್ಲೆಸ್ಲಿ ಅಲ್ಲಿಗೆ ಬಂದ. ಕನ್ನಡಿಗರಿಗೆ ಅವನು ಅಪರಿಚಿತನಲ್ಲ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಶ್ರೀರಂಗಪಟ್ಟಣವನ್ನು ವಹಿಸಿಕೊಂಡವನು, ಮರುವರ್ಷ ಧೋಂಡಿಯ ವಾಘನನ್ನು ಅಟ್ಟಿಸಿಕೊಂಡು ಹೋಗಿ ಮುಗಿಸಿದವನು. ಸೆಪ್ಟೆಂಬರಿನಲ್ಲಿ ಅಸಾಯೆ, ನವೆಂಬರಿನಲ್ಲಿ ಅಡಗಾಂವ್ ಗೆದ್ದು ಈಗ ಗಾವಿಲಗಡದ ಬುಡಕ್ಕೆ ಬಂದಿದ್ದ. ದಕ್ಷಿಣದ ಬಾಗಿಲಿನತ್ತ ತಾನು ನಿಂತು, ಕರ್ನಲ್ ಸ್ಟೀವನ್‌ಸನ್‌ನನ್ನು ಬೆಟ್ಟ ಬಳಸಿ ಉತ್ತರಕ್ಕೆ ಕಳಿಸಿದ. ಸ್ಟೀವನ್‌ಸನ್‌ನ ಜನ ಕಾಡಿನಲ್ಲಿ ದಾರಿ ಕಡಿದು, ತೋಪುಗಳನ್ನು ಎಳೆದು, ಹಲವು ದಿನ ಹೆಣಗಿ ಮೇಲೇರಿದರು. 15ರಂದು ಹೊರಗೋಟೆ ಒಡೆಯಿತು. ಒಳಗೋಟೆ ಒಡೆಯಲಿಲ್ಲ. ಅದರ ಗೋಡೆಗೆ ಬಿರುಕೂ ಬಿಡಲಿಲ್ಲ. ಕ್ಯಾಪ್ಟನ್ ಕ್ಯಾಂಪ್‌ಬೆಲ್ ಎಂಬವನು ತನ್ನ ತುಕಡಿಯನ್ನು ಕಣಿವೆಗಿಳಿಸಿ, ಆಚೆ ದಡ ಹತ್ತಿಸಿ, ಏಣಿ ಇಟ್ಟು ಗೋಡೆ ದಾಟಿ, ಒಳಗಿನಿಂದ ಬಾಗಿಲು ತೆಗೆದ. ಕಿಲ್ಲೇದಾರ ಬೇಣಿಸಿಂಗ್ ಕಾದಾಡುತ್ತ ಸತ್ತ. ಎರಡು ದಿನಕ್ಕೆ ರಘೂಜಿ ಭೋಂಸಲೆ ದೇವಗಾಂವದ ಒಪ್ಪಂದಕ್ಕೆ ಸಹಿ ಹಾಕಿದ.

ಅಕ್ಷರಶಃ ಹೇಳಿದರೆ ಗಾವಿಲಗಡದ ಒಳಗೋಟೆ ಕೊನೆಯವರೆಗೂ ಅಭೇದ್ಯವೇ. ಅದನ್ನು ಯಾರೂ ಭೇದಿಸಲಿಲ್ಲ, ಹತ್ತಿದರು ಅಷ್ಟೆ. ಈ ಜಾತಿಯ ಪದಗಳಲ್ಲಿ ಇಂಥದೊಂದು ಸಂದು ಯಾವಾಗಲೂ ಇರುತ್ತದೆ. ಒಂದು ಕ್ರಿಯೆಯನ್ನು ಹೆಸರಿಟ್ಟು ಅದು ಆಗದು ಎಂದ ಕೂಡಲೇ ಹೆಸರಿಡದ ಇನ್ನೊಂದು ಕ್ರಿಯೆಗೆ ದಾರಿ ತೆರೆದಂತೆ.

ನಮ್ಮ ಪುರಾಣಗಳಲ್ಲಿ ವರ ಬೇಡಿದವರೆಲ್ಲ ಎಡವಿದ್ದು ಇಲ್ಲಿಯೇ. ರಾವಣ ದೇವ, ದಾನವ, ಯಕ್ಷರ ಪಟ್ಟಿ ಕೊಟ್ಟು ಮನುಷ್ಯರನ್ನು ಬಿಟ್ಟ. ಅವರು ಲೆಕ್ಕಕ್ಕೇ ಇಲ್ಲವೆಂಬ ಉಡಾಫೆಯಿಂದ. ಹಿರಣ್ಯಕಶಿಪು ವಕೀಲನ ಎಚ್ಚರದಲ್ಲಿ ಕರಾರು ಬರೆಸಿಕೊಂಡ; ಹೊಸ್ತಿಲು ಮತ್ತು ಮುಸ್ಸಂಜೆ ಅವನಿಗೆ ಹೊಳೆಯಲಿಲ್ಲ. ಮೈಸೂರಿಗೆ ಹೆಸರು ಕೊಟ್ಟ ಮಹಿಷ ಗಂಡಸರಿಂದ ಸಾವು ಬೇಡ ಎಂದ. ತೆಂಕುತಿಟ್ಟು ಯಕ್ಷಗಾನದ ದೇವಿಮಹಾತ್ಮೆಯಲ್ಲಿ ದೊಂದಿಯ ಬೆಳಕಿನಲ್ಲಿ ಸಭೆಯ ನಡುವಿನಿಂದ ನುಗ್ಗಿ ಬರುವ ಆ ವೇಷದ ಅಬ್ಬರ ನೋಡಿದರೆ, ಹೆಂಗಸೊಬ್ಬಳಿಂದ ಏನಾದೀತು ಎಂಬ ಅವನ ಲೆಕ್ಕಾಚಾರ ಕಣ್ಣಿಗೇ ಕಾಣುತ್ತದೆ. ಮಗನನ್ನು ಗಾಂಧಾರಿ ನೋಡಿ ವಜ್ರವಾಗಿಸಿದಳು, ತೊಡೆ ಮಾತ್ರ ಉಳಿಯಿತು ಎಂಬುದು ಜನಪ್ರಿಯ ಕತೆ. ಅದು ವ್ಯಾಸಭಾರತದ್ದಲ್ಲ. ವ್ಯಾಸರ ವನಪರ್ವದಲ್ಲಿ ದಾನವರು ದುರ್ಯೋಧನನಿಗೆ ಬೇರೆಯೇ ಹೇಳುತ್ತಾರೆ: ನಿನ್ನ ಮೈಯ ಮೇಲರ್ಧವನ್ನು ಶಿವ ವಜ್ರದಿಂದ ಮಾಡಿದ, ಕೆಳಗರ್ಧವನ್ನು ದೇವಿ ಹೂವಿನಿಂದ ಮಾಡಿದಳು ಎಂದು. ನನಗೆ ಈ ಹೂವಿನ ಕತೆಯೇ ಇಷ್ಟ. ಗದೆ ಬಿದ್ದದ್ದು ಲೋಪದ ಜಾಗಕ್ಕಲ್ಲ, ಚೆಲುವಿನ ಜಾಗಕ್ಕೆ.

ಇವರ ಸಾಲಿನಲ್ಲಿ ಭೀಷ್ಮರನ್ನು ನಿಲ್ಲಿಸಿ ನೋಡಿ, ಎಲ್ಲ ಬದಲಾಗುತ್ತದೆ. ತಾನು ಬಯಸಿದಾಗ ಮಾತ್ರ ಸಾವು ಎಂಬ ವರ ಇದ್ದವರು ಅವರು. ಅವರನ್ನು ಬೀಳಿಸಿದ್ದು ವರದ ಒಳಗಿನ ಯಾವ ಸಂದೂ ಅಲ್ಲ. ಶಿಖಂಡಿಯ ಮೇಲೆ ಆಯುಧ ಎತ್ತಬಾರದು ಎಂದು ತಾವೇ ಹಾಕಿಕೊಂಡ ಗೆರೆ. ಎತ್ತಲು ಅವರಿಗೆ ಆಗುತ್ತಿತ್ತು. ಎತ್ತಲಿಲ್ಲ.

‘ಅವಧ್ಯ’ ಪದದ ಎರಡು ಮುಖಗಳು ಇಲ್ಲಿ ತೆರೆದುಕೊಳ್ಳುತ್ತವೆ. ತಾಳಮದ್ದಳೆಯಲ್ಲಿ ರಾವಣನ ಅರ್ಥಧಾರಿ ‘ದೇವತೆಗಳಿಗೆ ನಾನು ಅವಧ್ಯ’ ಎಂದಾಗ ಕೊಲ್ಲಲಾಗದು ಎಂದರ್ಥ. ಅದೇ ರಾತ್ರಿ ವಿಭೀಷಣನ ಅರ್ಥಧಾರಿ ಹನುಮಂತನನ್ನು ತೋರಿಸಿ ‘ದೂತ ಅವಧ್ಯ’ ಎಂದಾಗ ಕೊಲ್ಲಬಾರದು ಎಂದರ್ಥ. ಮೊದಲನೆಯದು ಶಕ್ತಿಯ ಮಾತು, ಎರಡನೆಯದು ನೀತಿಯ ಮಾತು. ಪದ ಒಂದೇ.

ಇದು ಸಂಸ್ಕೃತ ವ್ಯಾಕರಣದ ಗೊತ್ತಿರುವ ಸಂಗತಿ. ‘ಯ’, ‘ತವ್ಯ’, ‘ಅನೀಯ’ ಎಂಬ ಪ್ರತ್ಯಯಗಳು ಯೋಗ್ಯತೆಯನ್ನೂ ಹೇಳುತ್ತವೆ, ಸಾಧ್ಯತೆಯನ್ನೂ ಹೇಳುತ್ತವೆ. ಪಾಣಿನಿ ಎರಡಕ್ಕೂ ಸೂತ್ರ ಬರೆದಿದ್ದಾನೆ. ಎರಡೂ ಕಲಸಿಹೋಗುವ ಅಪಾಯವೂ ಅವನಿಗೆ ಗೊತ್ತಿತ್ತೆಂದು ಕಾಣುತ್ತದೆ, ಏಕೆಂದರೆ ‘ಜಿ’ ಧಾತುವಿನ ವಿಷಯದಲ್ಲಿ ಅವನು ಬೇಲಿ ಹಾಕುತ್ತಾನೆ: ಗೆಲ್ಲಲು ಸಾಧ್ಯವಾದದ್ದು ಎಂದಾದರೆ ‘ಜಯ್ಯ’, ಗೆಲ್ಲತಕ್ಕದ್ದು ಎಂದಾದರೆ ‘ಜೇಯ’. ಆ ಲೆಕ್ಕದಲ್ಲಿ ನಮ್ಮ ಕ್ರೀಡಾಪುಟದ ಆಮ್ಲಾ ‘ಅಜಯ್ಯ’ ಆಗಬೇಕಿತ್ತು. ‘ಅಜೇಯ’ ಎಂದರೆ ಗೆಲ್ಲತಕ್ಕವನಲ್ಲ, ಗೆಲ್ಲಬಾರದವನು. ಬೌಲರುಗಳು ಇದನ್ನು ಒಪ್ಪುವುದು ಕಷ್ಟ. ಬಳಕೆ ಬೇಲಿಯನ್ನು ಎಂದೋ ದಾಟಿ ಬಂದಿದೆ. ಈಗ ತಿದ್ದಿ ಪ್ರಯೋಜನವಿಲ್ಲ, ತಿದ್ದಬೇಕಾಗಿಯೂ ಇಲ್ಲ.

ಕನ್ನಡ ಈ ಎರಡನ್ನು ಚೊಕ್ಕಟವಾಗಿ ಬೇರೆ ಮಾಡುತ್ತದೆ, ‘ಲಾಗದ’ ಒಂದು ಕಡೆ, ‘ಬಾರದ’ ಇನ್ನೊಂದು ಕಡೆ, ಎಂದು ಬೀಗಲು ಹೊರಟರೆ ಅದೂ ಪೂರ್ತಿ ನಿಜವಲ್ಲ. ಹಳೆಯ ಕನ್ನಡದಲ್ಲಿ, ವಚನಗಳಲ್ಲಿ, ‘ಮಾಡಲಾಗದು’ ಎಂದರೆ ಮಾಡಕೂಡದು ಎಂಬ ನಿಷೇಧವೇ. ‘ಬಾರದು’ ಹುಟ್ಟಿದ್ದು ‘ಬರು’ ಧಾತುವಿನಿಂದ. ‘ನನಗೆ ಈಜು ಬಾರದು’ ಎಂದರೆ ಆಗದು; ‘ಇಲ್ಲಿ ಈಜಬಾರದು’ ಎಂದರೆ ತಪ್ಪು, ದಂಡ ಬೀಳುತ್ತದೆ. ಹಾಗಾದರೆ ಆಗದು, ಬಾರದು ಒಂದರ ಮನೆಗೊಂದು ಹೋಗಿಬರುವುದು ಭಾಷೆಗಳಲ್ಲಿ ಸಹಜವೇ. ಯಾರೋ ಹಾಕಿದ ‘ಬಾರದು’, ತಾನು ಪ್ರಕೃತಿಯೇ ವಿಧಿಸಿದ ‘ಆಗದು’ ಎಂಬ ವೇಷ ಹಾಕಿಕೊಂಡು ಓಡಾಡಲು ಈ ಸಹಜತೆಯೇ ಅನುಕೂಲ. ನಾಗಪುರದ ಚರಿತ್ರೆಯಲ್ಲಿ ಅದರ ಮೂರು ನಮೂನೆಗಳಾದರೂ ಸಿಗುತ್ತವೆ.

ಮೊದಲನೆಯದು ಸೀತಾಬರ್ಡಿ ಗುಡ್ಡದಲ್ಲಿ. ಈಗ ಅದು ಊರಿನ ನಟ್ಟನಡುವೆ, ರೈಲು ನಿಲ್ದಾಣದ ಹತ್ತಿರ, ಸೇನೆಯ ವಶದಲ್ಲಿದೆ. 1817ರಲ್ಲಿ ಅದರ ಪಕ್ಕದಲ್ಲೇ ಬ್ರಿಟಿಷ್ ರೆಸಿಡೆಂಟ್ ರಿಚರ್ಡ್ ಜೆಂಕಿನ್ಸ್‌ನ ಬಂಗಲೆ. ರೆಸಿಡೆಂಟ್ ಎಂದರೆ ಕಾಗದದ ಮೇಲೆ ದೂತ. ಅವನನ್ನು ಮುಟ್ಟಬಾರದು ಎಂಬುದು ಕಂಪನಿಯವರ ಕಟ್ಟಾಜ್ಞೆ, ನಮ್ಮ ಹಳೆಯ ರಾಜನೀತಿಯೂ ಅದನ್ನೇ ಹೇಳುತ್ತದೆ. ಆದರೆ ಹನುಮಂತ ಲಂಕೆಗೆ ಬಂದದ್ದು ಉಂಗುರ ಹಿಡಿದು. ಜೆಂಕಿನ್ಸ್ ಕೂತದ್ದು 1816ರ ಸಹಾಯಕ ಸೈನ್ಯ ಪದ್ಧತಿಯ ಒಪ್ಪಂದ ಹಿಡಿದು, ಅದರ ಹಿಂದೆ ಪಲಟನ್ ನಿಲ್ಲಿಸಿಕೊಂಡು. ದೂತನೂ ಅವನೇ, ದೊಣ್ಣೆಯೂ ಅವನೇ. ನವೆಂಬರ್ 5ರಂದು ಪುಣೆಯ ಹತ್ತಿರ ಖಡಕಿಯಲ್ಲಿ ಪೇಶ್ವೆ ಕಾದಾಟಕ್ಕಿಳಿದ, ರೆಸಿಡೆನ್ಸಿ ಸುಟ್ಟುಹೋಯಿತು. 26ರ ಸಂಜೆ ಅಪ್ಪಾಸಾಹೇಬ ಭೋಂಸಲೆಯ ಜನ, ಅವರಲ್ಲಿ ಅರಬ್ಬರೂ ಇದ್ದರು, ಸೀತಾಬರ್ಡಿಯ ಮೇಲೆ ಬಿದ್ದರು. ಗುಡ್ಡದ ಮೇಲಿದ್ದ ಕಂಪನಿ ಸಿಪಾಯಿಗಳು ಒಂದೂವರೆ ಸಾವಿರಕ್ಕೂ ಕಡಿಮೆ; ಹೆಚ್ಚಿನವರು ಮದರಾಸು ಪಡೆಯವರು. ರಾತ್ರಿಯೆಲ್ಲ ಗುಂಡು. ಬೆಳಗ್ಗೆ ಚಿಕ್ಕ ಗುಡ್ಡ ಕೈತಪ್ಪಿ ಎಲ್ಲ ಮುಗಿದೇ ಹೋಯಿತು ಅನ್ನುವಾಗ ಕ್ಯಾಪ್ಟನ್ ಫಿಟ್ಜ್‌ಜೆರಾಲ್ಡ್‌ನ ಕುದುರೆ ಸವಾರರು ನುಗ್ಗಿ ಆಟ ತಿರುಗಿಸಿದರು. ಜೆಂಕಿನ್ಸ್ ಉಳಿದ. ಅವನ ಸಹಾಯಕ ಸೋದಬಿ ಸತ್ತ.

ಬ್ರಿಟಿಷ್ ಕಡತಗಳಲ್ಲಿ ಇದು ವಿಶ್ವಾಸಘಾತ. ದೂತನ ಮೇಲೆ ಕೈ ಮಾಡಿದ ತಪ್ಪಿಗೆ ನಾಗಪುರ ತೆತ್ತ ಬೆಲೆ ದೊಡ್ಡದು: ಅಪ್ಪಾಸಾಹೇಬ ಪದಚ್ಯುತನಾಗಿ, ತಪ್ಪಿಸಿಕೊಂಡು ಅಲೆದು, ಕಡೆಗೆ ಜೋಧಪುರದಲ್ಲಿ ತೀರಿಕೊಂಡ. ಕೊಲ್ಲಬಾರದು ಎಂಬ ನೀತಿಯ ಪರದೆಯ ಹಿಂದೆ ಕೊಲ್ಲಲಾಗದಷ್ಟು ಸೈನ್ಯ ಇಟ್ಟುಕೊಂಡವನು ನಿಜವಾಗಿ ದೂತನೇ ಎಂಬ ಪ್ರಶ್ನೆಯನ್ನು ಮಾತ್ರ ಆ ಕಡತಗಳು ಕೇಳಿಕೊಳ್ಳುವುದಿಲ್ಲ. ಏಳು ವರ್ಷದ ಮೇಲೆ ನಮ್ಮ ಕಿತ್ತೂರಿನಲ್ಲೂ ಇಂಥದೇ ಸಂದರ್ಭ ಬಂತು. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ತೋಪು ತಂದು ಕೋಟೆಬಾಗಿಲಲ್ಲಿ ನಿಂತ, ಕಾಳಗದಲ್ಲಿ ಸತ್ತ. ಆದರೆ ಸೆರೆ ಸಿಕ್ಕ ಸ್ಟೀವನ್‌ಸನ್ ಮತ್ತು ಎಲಿಯಟ್ ಎಂಬ ಇಬ್ಬರು ಅಧಿಕಾರಿಗಳನ್ನು ಚೆನ್ನಮ್ಮ ಕೂದಲು ಕೊಂಕದಂತೆ ಇಟ್ಟುಕೊಂಡು ಡಿಸೆಂಬರಿನಲ್ಲಿ ಬಿಟ್ಟುಕೊಟ್ಟಳು. ಅವರನ್ನು ಕೊಲ್ಲಲು ಅವಳಿಗೆ ಏನೂ ಅಡ್ಡಿಯಿರಲಿಲ್ಲ. ಅಚ್ಚ ‘ಬಾರದು’ ಹೇಗಿರುತ್ತದೆ ಎಂಬುದಕ್ಕೆ ನನಗೆ ನೆನಪಾಗುವ ಕನ್ನಡದ ಉದಾಹರಣೆ ಅದು.

ಎರಡನೆಯ ನಮೂನೆಗೆ ಇನ್ನೂ ಹಿಂದೆ ಹೋಗಬೇಕು. ‘ನಾಗಪುರ’ ಎಂಬ ಹೆಸರು ಮೊದಲ ಬಾರಿ ಕಾಣುವುದು ಪಕ್ಕದ ವರ್ಧಾ ಜಿಲ್ಲೆಯ ದೇವಳಿಯಲ್ಲಿ ಸಿಕ್ಕ ಒಂದು ತಾಮ್ರಪಟದಲ್ಲಿ. ಶಕ 862, ಅಂದರೆ ಕ್ರಿ.ಶ. 940. ನಾಗಪುರ–ನಂದಿವರ್ಧನ ‘ವಿಷಯ’ದಲ್ಲಿದ್ದ, ಅಂದರೆ ಆಡಳಿತ ವಿಭಾಗದಲ್ಲಿದ್ದ, ಒಂದು ಹಳ್ಳಿಯ ದಾನ. ಕೊಟ್ಟವನು ಮಳಖೇಡದ ದೊರೆ, ಪೊನ್ನನಿಗೆ ಉಭಯಕವಿಚಕ್ರವರ್ತಿ ಎಂಬ ಬಿರುದಿತ್ತ ರಾಷ್ಟ್ರಕೂಟ ಮುಮ್ಮಡಿ ಕೃಷ್ಣ. ಮಧ್ಯಪ್ರದೇಶದ ಜುರಾದಲ್ಲಿ ಕನ್ನಡದಲ್ಲೇ ಶಾಸನ ಬಿಟ್ಟಿರುವವನೂ ಅವನೇ. ದೇವಳಿಯದು ಸಂಸ್ಕೃತ.

ಆ ಕಾಲದ ದಾನಶಾಸನಗಳ ಕೊನೆಯ ಸಾಲುಗಳು ಶಾಸನ ಓದುವವರಿಗೆಲ್ಲ ಪರಿಚಿತ. ಈ ದಾನವನ್ನು ಕೆಡಿಸಿದವರಿಗೆ ವಾರಣಾಸಿಯಲ್ಲಿ ಕವಿಲೆಗಳನ್ನೂ ಬ್ರಾಹ್ಮಣರನ್ನೂ ಕೊಂದ ಪಾಪ ಬರಲಿ ಎಂಬ ಶಾಪ ಕನ್ನಡನಾಡಿನ ಕಲ್ಲುಗಳ ಮೇಲೆ ಮತ್ತೆ ಮತ್ತೆ ಬರುತ್ತದೆ. ಅವಧ್ಯರ ಪಟ್ಟಿ ಇದು. ಈ ಪಟ್ಟಿಯ ಹೆಸರು ಸಮಾಜದ ಒಂದು ತುದಿಗಾದರೆ, ಇನ್ನೊಂದು ತುದಿಗೆ ಅದೇ ವ್ಯಾಕರಣ, ಅದೇ ಪ್ರತ್ಯಯ, ಮುಂದೆ ಅದೇ ‘ಅ’ ಹಚ್ಚಿ ಬೇರೊಂದು ಹೆಸರು ಕೊಟ್ಟಿತು: ಅಸ್ಪೃಶ್ಯ. ಒಬ್ಬನನ್ನು ಕೊಲ್ಲಬಾರದು, ಇನ್ನೊಬ್ಬನನ್ನು ಮುಟ್ಟಬಾರದು. ಮೊದಲನೆಯ ಪದ ಅದನ್ನು ಹೊತ್ತವನನ್ನು ಕಾಯಿತು. ಎರಡನೆಯದು ಅದನ್ನು ಹೊತ್ತವನಿಂದ ಉಳಿದವರನ್ನು ಕಾಯುತ್ತೇನೆಂದು ಹೇಳಿತು. ಮುಟ್ಟಲು ಯಾವ ಕಾಲದಲ್ಲೂ ಯಾವ ಅಡ್ಡಿಯೂ ಇರಲಿಲ್ಲ. ಮೈ ಮೈಯೇ, ನೀರು ನೀರೇ. 1927ರಲ್ಲಿ ಮಹಾಡದ ಚವದಾರ್ ಕೆರೆಗೆ ಇಳಿದು ಬೊಗಸೆ ನೀರು ಕುಡಿದಾಗ ಅಂಬೇಡ್ಕರ್ ತೋರಿಸಿದ್ದು ಇಷ್ಟನ್ನೇ. ಆ ವರ್ಷದ ಡಿಸೆಂಬರಿನಲ್ಲಿ ಅದೇ ಊರಿನಲ್ಲಿ ಮನುಸ್ಮೃತಿಗೆ ಬೆಂಕಿ ಬಿತ್ತು. ಬ್ರಾಹ್ಮಣನನ್ನು ಅವಧ್ಯನೆಂದ ಗ್ರಂಥವೂ ಅದೇ.

ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿತು. ಅದನ್ನು ಬರೆದ ಸಮಿತಿಯ ಅಧ್ಯಕ್ಷರು 1956ರ ಅಕ್ಟೋಬರ್ 14ರ ವಿಜಯದಶಮಿಯಂದು ನಾಗಪುರದಲ್ಲಿ, ಕುಶೀನಗರದ ಚಂದ್ರಮಣಿ ಮಹಾಸ್ಥವಿರರಿಂದ ದೀಕ್ಷೆ ಪಡೆದು, ಲಕ್ಷಾಂತರ ಜನರೊಂದಿಗೆ ಬೌದ್ಧರಾದರು. ನಾಗಪುರವನ್ನೇ ಏಕೆ ಆರಿಸಿದಿರಿ ಎಂಬ ಪ್ರಶ್ನೆಗೆ ಮರುದಿನದ ಭಾಷಣದಲ್ಲಿ ಅವರು ನಾಗಜನರನ್ನು ನೆನೆದರು. ಭಾರತದಲ್ಲಿ ಬುದ್ಧಧರ್ಮ ಹಬ್ಬಿಸಿದವರು ಅವರು ಎಂದರು. ಬೀದರ, ಕಲಬುರಗಿ ಕಡೆಯಿಂದ ಈಗಲೂ ಪ್ರತಿ ದಸರೆಗೆ ಜನ ಗುಂಪುಗುಂಪಾಗಿ ದೀಕ್ಷಾಭೂಮಿಗೆ ಹೋಗುತ್ತಾರೆ. ಮಳಖೇಡದಿಂದ ದೇವಳಿಗೆ ತಾಮ್ರಪಟ ಹೋದ ದಿಕ್ಕೇ ಅದು, ಹೊತ್ತೊಯ್ಯುವ ಮಾತು ಬೇರೆ.

ಮೂರನೆಯ ನಮೂನೆ ಹಳೆಯದಲ್ಲ. ಇಂಗ್ಲಿಷಿನಲ್ಲಿ ‘ಅನ್‌ಟಚಬಲ್’ ಎಂಬ ಒಂದೇ ಪದ ಅಸ್ಪೃಶ್ಯನಿಗೂ ಸಲ್ಲುತ್ತದೆ, ಪೊಲೀಸರೂ ಮುಟ್ಟಲು ಹೆದರುವ ರೌಡಿಗೂ ಸಲ್ಲುತ್ತದೆ. ಕನ್ನಡದಲ್ಲಿ ಎರಡನೆಯವನಿಗೆ ನಾವು ‘ಯಾರೂ ಮುಟ್ಟಲಾಗದವನು’ ಎನ್ನುತ್ತೇವೆ. ನಾಗಪುರದ ಕಸ್ತೂರಬಾ ನಗರದಲ್ಲಿ ಮೊದಲನೆಯ ಹೆಸರು ಹೊತ್ತಿದ್ದ ಜಾತಿಗಳ ಮನೆಗಳೇ ಹೆಚ್ಚು. ಎರಡನೆಯ ಬಗೆಯವನೊಬ್ಬ ಅವರ ನಡುವೆಯೇ ಇದ್ದ: ಅಕ್ಕು ಯಾದವ್. ಹತ್ತು ವರ್ಷಕ್ಕೂ ಹೆಚ್ಚು ಕಾಲ ಆ ಬಡಾವಣೆಯನ್ನು ಅವನು ಹಿಂಡಿದ. ಸುಲಿಗೆ, ಅತ್ಯಾಚಾರ, ಕೊಲೆ. ದೂರು ಕೊಟ್ಟವರ ಮನೆಗೆ ಮರುದಿನ ಅವನೇ ಬರುತ್ತಿದ್ದ. ಹಿಡಿಯುತ್ತಿದ್ದರು, ಜಾಮೀನು ಸಿಗುತ್ತಿತ್ತು, ತಿರುಗಿ ಬರುತ್ತಿದ್ದ. ಪೊಲೀಸರೇ ಅವನ ಬೆನ್ನಿಗಿದ್ದಾರೆ ಎಂಬುದು ಅಲ್ಲಿನ ಹೆಂಗಸರ ಆರೋಪ.

ಹಾಗಾದರೆ ಅವನು ಯಾವ ಅರ್ಥದಲ್ಲಿ ‘ಮುಟ್ಟಲಾಗದವನು’? ಮೈ ವಜ್ರವಾಗಿರಲಿಲ್ಲ. ಯಾವ ದೇವರೂ ವರ ಕೊಟ್ಟಿರಲಿಲ್ಲ. ಮುಟ್ಟಬೇಕಾದವರು ಮುಟ್ಟಲಿಲ್ಲ, ಹಾಗೆ ಬಿಟ್ಟದ್ದು ವರ್ಷವರ್ಷ ಸೇರಿ ‘ಆಗದು’ ಎಂಬ ಹೆಸರು ಪಡೆಯಿತು. ಅಂಥವನ ಬಗ್ಗೆ ಬರೆಯುವ ವರದಿಗಳಲ್ಲಿ ಈ ‘ಲಾಗದ’ ಎಷ್ಟು ಸಲೀಸಾಗಿ ಬಂದು ಕೂರುತ್ತದೆಂದರೆ, ಯಾರಿಗೆ ಆಗಲಿಲ್ಲ, ಯಾವ ಠಾಣೆಗೆ, ಏಕೆ ಎಂಬ ಪ್ರಶ್ನೆಗಳು ವಾಕ್ಯದಿಂದ ಹೊರಗೆ ಉಳಿದುಬಿಡುತ್ತವೆ.

2004ರ ಆಗಸ್ಟ್ ಮೊದಲ ವಾರ ಬಡಾವಣೆ ಸಿಡಿದೆದ್ದಿತು, ಜನ ಅವನ ಮನೆ ಕೆಡವಿದರು. ಅವನು ಪೊಲೀಸರ ವಶಕ್ಕೆ ಹೋದ. ಹದಿಮೂರರಂದು ಅವನನ್ನು ನಾಗಪುರದ ಜಿಲ್ಲಾ ನ್ಯಾಯಾಲಯಕ್ಕೆ ತಂದರು. ಮತ್ತೆ ಜಾಮೀನು ಸಿಕ್ಕೀತೆಂಬ ಸುದ್ದಿ ಹರಡಿತ್ತು. ಹೆಂಗಸರ ಗುಂಪೊಂದು ಖಾರದ ಪುಡಿ, ಚಾಕು ಹಿಡಿದು ಕೋರ್ಟಿನ ಕೋಣೆಗೆ ನುಗ್ಗಿತು. ಕೆಲವೇ ನಿಮಿಷಗಳಲ್ಲಿ ಅವನು ಸತ್ತಿದ್ದ.

ಅವನ ಬದುಕಿನಲ್ಲಿ ‘ಅವಧ್ಯ’ ಪದ ತನ್ನ ನೀತಿಯ ಅರ್ಥದಲ್ಲಿ ಅವನಿಗೆ ಪೂರ್ತಿ ಸಲ್ಲುತ್ತಿದ್ದ ಜಾಗ ಒಂದೇ ಒಂದು, ಆ ಕೋಣೆ. ನ್ಯಾಯಾಲಯದಲ್ಲಿ ನಿಂತ ಆರೋಪಿಯನ್ನು, ಅವನು ಎಂಥವನೇ ಇರಲಿ, ತೀರ್ಪಿಲ್ಲದೆ ಕೊಲ್ಲಬಾರದು. ಹೊರಗೆ ಹತ್ತು ವರ್ಷ ಅವನನ್ನು ಕಾದದ್ದು ಸುಳ್ಳು ‘ಆಗದು’. ಒಳಗೆ ಕಾಯಬೇಕಾಗಿದ್ದದ್ದು ನಿಜವಾದ ‘ಬಾರದು’. ಸುಳ್ಳನ್ನು ಒಡೆಯಲು ಹೋದ ಕೈಗಳು ನಿಜವನ್ನೂ ಒಡೆದವು. ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ, ಹೊಗಳಲೂ ಬರುವುದಿಲ್ಲ. ಒಡೆದದ್ದರಲ್ಲಿ ಯಾವುದು ಯಾವುದೆಂದು ಬೇರೆ ಮಾಡಿ ತೋರಿಸುವ ಕೆಲಸ ಆ ಹೆಂಗಸರದ್ದಾಗಿರಲಿಲ್ಲ. ಅದಕ್ಕೆ ಸಂಬಳ ಪಡೆಯುತ್ತಿದ್ದವರು ಬೇರೆ ಇದ್ದರು.

ಪೊಲೀಸರು ಕೆಲವರನ್ನು ಬಂಧಿಸಿದಾಗ ಕಸ್ತೂರಬಾ ನಗರದ ಹೆಂಗಸರು ಒಬ್ಬೊಬ್ಬರಾಗಿ ಮುಂದೆ ಬಂದು, ಕೊಂದದ್ದು ನಾವೆಲ್ಲ, ಹಿಡಿಯುವುದಾದರೆ ಎಲ್ಲರನ್ನೂ ಹಿಡಿಯಿರಿ ಎಂದರು. ವಿಚಾರಣೆ ಹತ್ತು ವರ್ಷ ನಡೆಯಿತು. ಸಾಕ್ಷ್ಯ ಸಾಲದೆ ಆರೋಪಿಗಳೆಲ್ಲ ಖುಲಾಸೆಯಾದರು.